ನಾಲ್ಕು ಸೆಕೆಂಡು, ನಾಲ್ಕು ದಶಕ: ಬರ್ಕ್ಲಿಯ ಒಂದು ತೀರ್ಪಿನ ಚರಿತ್ರೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶಕ್ಕೆ ಬಂದು ನೆಲೆಸಿದ ಕನ್ನಡಿಗರು ಈ ನೆಲದ ಚರಿತ್ರೆಯಲ್ಲಿ ಮೊದಲು ಕೇಳಿ ತಿಳಿಯುವ ಘಟನೆಗಳು ಸಾಮಾನ್ಯವಾಗಿ ಎರಡು. ಒಂದು, ೧೮೪೯ರಲ್ಲಿ ಚಿನ್ನವನ್ನು ಅರಸಿ ಬಂದ ಜನಸಾಗರದ ಕಥೆ. ಇನ್ನೊಂದು, ೧೯೦೬ರ ಭೂಕಂಪದ ಕಥೆ. ಇಲ್ಲಿ ಕೆಲವು ವರ್ಷ ಕಳೆದು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ, ಮೂರನೆಯ ಘಟನೆಯೊಂದು ತಾನಾಗಿಯೇ ಮನೆಯೊಳಗೆ ಬಂದು ಕೂರುತ್ತದೆ. ಅದು ೧೯೮೨ರ ನವೆಂಬರ್ ೨೦ರ ಶನಿವಾರದಂದು ಬರ್ಕ್ಲಿಯ ಮೆಮೋರಿಯಲ್ ಕ್ರೀಡಾಂಗಣದಲ್ಲಿ, ಕಾಲೇಜು ಫುಟ್‌ಬಾಲ್ ಪಂದ್ಯವೊಂದರ ಕೊನೆಯ ನಾಲ್ಕು ಸೆಕೆಂಡುಗಳಲ್ಲಿ ನಡೆದದ್ದು. ಅಂದು ರೆಫರಿ ಕೊಟ್ಟ ತೀರ್ಪು ಸರಿಯೋ ತಪ್ಪೋ ಎಂಬ ವಾದ ನಾಲ್ಕು ದಶಕಗಳು ಕಳೆದರೂ ತೀರಿಲ್ಲ. ಆ ವಾದದ ಚರಿತ್ರೆಯನ್ನು ಮತ್ತು ಅದು ನಮಗೆ ಏಕೆ ಸಂಬಂಧಪಟ್ಟದ್ದು ಎಂಬುದನ್ನು ಸಮ್ಮೇಳನಕ್ಕೆ ಬಂದಿರುವ ಕನ್ನಡ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ವಾಸಿಸುವ ಸ್ಯಾನ್ ರಮೋನ್ ಊರು ಬರ್ಕ್ಲಿಯ ಗುಡ್ಡಗಳಿಂದ ಪೂರ್ವಕ್ಕೆ, ಡಯಾಬ್ಲೋ ಪರ್ವತದ ನೆರಳಿನ ಕಣಿವೆಯಲ್ಲಿದೆ. ಇದು ಅಧಿಕೃತವಾಗಿ ನಗರವೆನಿಸಿಕೊಂಡದ್ದು ೧೯೮೩ರಲ್ಲಿ. ಎಂದರೆ ಈ ವಿವಾದ ವಯಸ್ಸಿನಲ್ಲಿ ನಮ್ಮ ಊರಿಗಿಂತ ಹಿರಿದು! ಇಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಕಾಲ್ಡಿಕಾಟ್ ಸುರಂಗ ದಾಟಿದರೆ ಬರ್ಕ್ಲಿ; ದಕ್ಷಿಣಕ್ಕೆ ಇಳಿದು ಕೊಲ್ಲಿಯ ಸೇತುವೆಯೊಂದನ್ನು ದಾಟಿದರೆ ಸ್ಟ್ಯಾನ್‌ಫರ್ಡ್. ಎರಡು ವಿದ್ಯಾಪೀಠಗಳ ನಡುವಿನ ಈ ಕಣಿವೆಯಲ್ಲಿ ಎರಡೂ ಕಡೆಯ ಅಭಿಮಾನಿಗಳಿದ್ದಾರೆ. ಅಕ್ಕನ ಮಗಳು ನೀಲಿ-ಹೊನ್ನಿನ ಅಂಗಿ ತೊಟ್ಟರೆ, ತಮ್ಮನ ಮಗ ಕಡುಗೆಂಪು ಅಂಗಿ ತೊಟ್ಟು ಬರುತ್ತಾನೆ. ಹೋಳಿಗೆ ಊಟದ ಪಂಕ್ತಿಯಲ್ಲಿಯೇ ಮಾತಿನ ಮಲ್ಲಯುದ್ಧ ಆರಂಭವಾಗುತ್ತದೆ.

ಕನ್ನಡದ ವಿದ್ವಾಂಸರಿಗೆ ಬರ್ಕ್ಲಿ ಎಂದೊಡನೆ ನೆನಪಾಗುವುದು ಮರ್ರೆ ಎಮಿನೋ ಅವರ ಹೆಸರು. ಆಕ್ಸ್‌ಫರ್ಡಿನ ಥಾಮಸ್ ಬರೋ ಅವರೊಡನೆ ಅವರು ಸಿದ್ಧಪಡಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ೧೯೬೧ರಲ್ಲಿ ಪ್ರಕಟವಾಯಿತು. ಕೊಡವ ಮತ್ತು ತೋಡ ಭಾಷೆಗಳನ್ನು ಕುರಿತು ಅವರು ನಡೆಸಿದ ಅಧ್ಯಯನ ಇಂದಿಗೂ ಆಧಾರವಾಗಿದೆ. ಅದೇ ವಿದ್ಯಾಪೀಠದ ಅಂಗಳದಲ್ಲಿ ನಡೆದ, ಪಾಂಡಿತ್ಯಕ್ಕೆ ಸಂಬಂಧವಿಲ್ಲದ ಈ ಇನ್ನೊಂದು ಕಥೆಗೂ ಸಾಕ್ಷ್ಯ, ಪ್ರಮಾಣ, ನಿರ್ಣಯ ಎಂಬ ಮಾತುಗಳೇ ಜೀವಾಳ.

ಎರಡು ವಿದ್ಯಾಪೀಠಗಳು, ಒಂದು ಕೊಡಲಿ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ೧೮೬೮ರಲ್ಲಿ ಸ್ಥಾಪನೆಯಾದದ್ದು, ಅದು ಸರ್ಕಾರದ್ದು. ಸ್ಟ್ಯಾನ್‌ಫರ್ಡ್ ೧೮೯೧ರಲ್ಲಿ ಬಾಗಿಲು ತೆರೆದದ್ದು. ಅದು ರೈಲು ಉದ್ಯಮದ ಧನಿಕರೊಬ್ಬರು ಅಕಾಲದಲ್ಲಿ ತೀರಿಕೊಂಡ ತಮ್ಮ ಮಗನ ನೆನಪಿಗೆ ಕಟ್ಟಿಸಿದ್ದು. ಎರಡರ ನಡುವಿನ ಮೊದಲ ಫುಟ್‌ಬಾಲ್ ಪಂದ್ಯ ೧೮೯೨ರ ಮಾರ್ಚ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಿತು. ಆಗತಾನೆ ಹುಟ್ಟಿದ್ದ ಸ್ಟ್ಯಾನ್‌ಫರ್ಡ್ ೧೪-೧೦ರಿಂದ ಗೆದ್ದಿತು. ಆ ತಂಡದ ವ್ಯವಸ್ಥಾಪಕನಾಗಿದ್ದ ವಿದ್ಯಾರ್ಥಿ ಹರ್ಬರ್ಟ್ ಹೂವರ್. ಮುಂದೆ ಅವರೇ ಈ ದೇಶದ ೩೧ನೆಯ ಅಧ್ಯಕ್ಷರಾದರು. ಎಲ್ಲ ಸಿದ್ಧತೆಯೂ ಆಗಿ, ಜನ ಸೇರಿದ ಮೇಲೆ, ಆಡಲು ಚೆಂಡನ್ನೇ ಯಾರೂ ತಂದಿರಲಿಲ್ಲವೆಂಬ ಸ್ವಾರಸ್ಯದ ಕಥೆಯನ್ನು ಎರಡು ಕಡೆಯವರೂ ಇಂದಿಗೂ ಹೇಳಿ ನಗುತ್ತಾರೆ. ಈ ಪಂದ್ಯಕ್ಕೆ ಮುಂದೆ ‘ಬಿಗ್ ಗೇಮ್’ ಎಂಬ ಹೆಸರೇ ನಿಂತಿತು.

೧೮೯೯ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಎದುರಾಳಿಗಳನ್ನು ಅಣಕಿಸಲು ಒಂದು ದೊಡ್ಡ ಕೊಡಲಿಯನ್ನು ತಂದರು. ಬೇಸ್‌ಬಾಲ್ ಪಂದ್ಯದ ಕೊನೆಗೆ ಬರ್ಕ್ಲಿಯವರು ಅದನ್ನು ಕಸಿದುಕೊಂಡು ಓಡಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅವರ ವಶದಲ್ಲೇ ಇತ್ತು. ೧೯೩೦ರಲ್ಲಿ ಸ್ಟ್ಯಾನ್‌ಫರ್ಡಿನ ೨೧ ವಿದ್ಯಾರ್ಥಿಗಳು ಉಪಾಯದಿಂದ ಅದನ್ನು ಮರಳಿ ಹಾರಿಸಿಕೊಂಡು ಹೋದರು. ಕೊನೆಗೆ ಹಿರಿಯರು ನಡುವೆ ಬಂದು, ೧೯೩೩ರಿಂದ ಆ ಕೊಡಲಿಯನ್ನೇ ಬಿಗ್ ಗೇಮ್ ಗೆದ್ದವರಿಗೆ ಸಲ್ಲುವ ಪಾರಿತೋಷಕವನ್ನಾಗಿ ಮಾಡಿದರು. ಕೊಡಲಿಯನ್ನು ಜೋಡಿಸಿರುವ ಫಲಕದ ಮೇಲೆ ಪ್ರತಿ ಪಂದ್ಯದ ಫಲಿತಾಂಶವನ್ನೂ ಬರೆಯಲಾಗುತ್ತದೆ. ಈ ಫಲಕದ ಮಾತು ಮುಂದೆ ಮತ್ತೆ ಬರಲಿದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಫುಟ್‌ಬಾಲ್ ಆಟ ಅತಿಯಾಗಿ ಹಿಂಸಾತ್ಮಕವಾಯಿತೆಂದು ೧೯೦೬ರಿಂದ ಕೆಲವು ವರ್ಷಗಳ ಕಾಲ ಎರಡೂ ವಿದ್ಯಾಪೀಠಗಳು ಅದನ್ನು ಬಿಟ್ಟು ರಗ್ಬಿ ಆಡಿದವು. ಚೆಂಡನ್ನು ಹಿಂದಕ್ಕೆ ಎಸೆಯುತ್ತ ಮುಂದಕ್ಕೆ ಓಡುವುದೇ ರಗ್ಬಿಯ ರೀತಿ. ಮುಂದೆ ೧೯೮೨ರಲ್ಲಿ ನಡೆದ ಅದ್ಭುತಕ್ಕೂ ಅದೇ ರೀತಿ ಆಧಾರವಾದದ್ದು ಚರಿತ್ರೆಯ ಒಂದು ಸೋಜಿಗ.

ನಾಲ್ಕು ಸೆಕೆಂಡುಗಳಲ್ಲಿ ನಡೆದದ್ದು

ಆಟದ ಪರಿಚಯವಿಲ್ಲದ ಓದುಗರಿಗಾಗಿ ನಿಯಮಗಳ ಬಗ್ಗೆ ಎರಡು ಮಾತು. ಹನ್ನೊಂದು ಹನ್ನೊಂದು ಜನ ನೂರು ಗಜದ ಅಂಗಳದಲ್ಲಿ ಆಡುವ ಈ ಆಟದಲ್ಲಿ ಚೆಂಡು ಹಿಡಿದವನು ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಟಚ್‌ಡೌನ್. ಅದಕ್ಕೆ ಆರು ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದರೆ ಫೀಲ್ಡ್ ಗೋಲ್. ಅದಕ್ಕೆ ಮೂರು ಅಂಕ. ಕಾಲೇಜು ಆಟದಲ್ಲಿ ಚೆಂಡು ಹಿಡಿದವನ ಮೊಣಕಾಲು ನೆಲಕ್ಕೆ ತಾಗಿತೆಂದರೆ ಅಲ್ಲಿಗೆ ಆ ಓಟ ಮುಗಿಯಿತು. ಎದುರಾಳಿ ಒದ್ದ ಚೆಂಡನ್ನು ಹಿಡಿದು ಓಡುವಾಗ ಅದನ್ನು ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೆ ಅಥವಾ ಪಕ್ಕಕ್ಕೆ ಎಷ್ಟು ಸಲ ಬೇಕಾದರೂ ಎಸೆಯಬಹುದು. ಗಡಿಯಾರ ನಿಂತರೂ ನಡೆಯುತ್ತಿರುವ ಓಟ ನಿಲ್ಲುವುದಿಲ್ಲ. ಕಬಡ್ಡಿಯಲ್ಲಿ ದಾಳಿಗೆ ಹೋದವನ ಬೆರಳು ಗೆರೆ ಮುಟ್ಟಿತೋ ಇಲ್ಲವೋ ಎಂದು ಊರಿಗೆ ಊರೇ ವಾದಕ್ಕೆ ನಿಲ್ಲುವುದನ್ನು ಕಂಡ ನಮಗೆ, ಇಲ್ಲಿಯ ಮೊಣಕಾಲಿನ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದು ೮೫ನೆಯ ಬಿಗ್ ಗೇಮ್. ಸುಮಾರು ೭೫,೦೦೦ ಜನ ಸೇರಿದ್ದರು. ಸ್ಟ್ಯಾನ್‌ಫರ್ಡಿನ ಪರವಾಗಿ ಜಾನ್ ಎಲ್ವೇ ತನ್ನ ಕಾಲೇಜು ಜೀವನದ ಕೊನೆಯ ಪಂದ್ಯಗಳಲ್ಲಿ ಒಂದನ್ನು ಆಡುತ್ತಿದ್ದ. ಮುಂದೆ ವೃತ್ತಿಪರ ಆಟದಲ್ಲಿ ಜಗದ್ವಿಖ್ಯಾತನಾದ ಎಲ್ವೇ ಅವನೇ. ಬರ್ಕ್ಲಿಯ ತರಬೇತುದಾರ ಜೋ ಕ್ಯಾಪ್ ಅದೇ ವಿದ್ಯಾಪೀಠದ ಹಳೆಯ ಆಟಗಾರ. ಕೊನೆಯ ನಿಮಿಷಗಳಲ್ಲಿ ಬರ್ಕ್ಲಿ ೧೯-೧೭ರಿಂದ ಮುಂದಿತ್ತು. ಎಲ್ವೇ ತನ್ನ ತಂಡದ ೧೩ ಗಜದ ಗೆರೆಯ ಬಳಿ, ನಾಲ್ಕನೆಯ ಹಾಗೂ ಕೊನೆಯ ಅವಕಾಶದಲ್ಲಿ, ೧೭ ಗಜ ಗಳಿಸಬೇಕಾಗಿದ್ದ ಸಂಕಟದಲ್ಲಿದ್ದ. ಅಲ್ಲಿಂದ ೨೯ ಗಜದ ಎಸೆತವೊಂದನ್ನು ಎಸೆದು ತಂಡವನ್ನು ಬದುಕಿಸಿದ. ಗಡಿಯಾರದಲ್ಲಿ ಎಂಟು ಸೆಕೆಂಡು ಉಳಿದಿರುವಾಗ ಟೈಮ್‌ಔಟ್ ಕೇಳಿದ. ಮಾರ್ಕ್ ಹಾರ್ಮನ್ ೩೫ ಗಜದಿಂದ ಫೀಲ್ಡ್ ಗೋಲ್ ಒದ್ದ. ಸ್ಟ್ಯಾನ್‌ಫರ್ಡ್ ೨೦, ಬರ್ಕ್ಲಿ ೧೯. ಉಳಿದದ್ದು ನಾಲ್ಕೇ ಸೆಕೆಂಡು.

ಅಂಗಳಕ್ಕೆ ನುಗ್ಗಿ ಕುಣಿದಾಡಿದ್ದಕ್ಕಾಗಿ ಸ್ಟ್ಯಾನ್‌ಫರ್ಡಿಗೆ ೧೫ ಗಜದ ದಂಡ ಬಿತ್ತು. ಆದ್ದರಿಂದ ಮರು ಆರಂಭದ ಒದೆತವನ್ನು ಅವರು ತಮ್ಮ ೨೫ ಗಜದ ಗೆರೆಯಿಂದಲೇ ಒದೆಯಬೇಕಾಯಿತು. ನೆಲದ ಮೇಲೆ ಪುಟಿಯುತ್ತ ಬಂದ ಚೆಂಡನ್ನು ಬರ್ಕ್ಲಿಯ ಕೆವಿನ್ ಮೋಯೆನ್ ಹಿಡಿದ. ತಾನು ಸಿಕ್ಕಿಬೀಳುವ ಮುನ್ನ ರಿಚರ್ಡ್ ರಾಜರ್ಸ್‌ಗೆ ಎಸೆದ. ರಾಜರ್ಸ್ ಡ್ವೈಟ್ ಗಾರ್ನರ್‌ಗೆ ಎಸೆದ. ಗಾರ್ನರ್‌ನನ್ನು ಸ್ಟ್ಯಾನ್‌ಫರ್ಡಿನವರು ಮುತ್ತಿ ಕೆಡವಿದರು. ಅವನು ಬೀಳುತ್ತಲೇ ಚೆಂಡನ್ನು ಮತ್ತೆ ರಾಜರ್ಸ್‌ಗೆ ದಾಟಿಸಿದ. ಅಷ್ಟರಲ್ಲಿ ಆಟ ಮುಗಿಯಿತೆಂದು ಭಾವಿಸಿದ ಸ್ಟ್ಯಾನ್‌ಫರ್ಡಿನ ವಾದ್ಯವೃಂದ, ನೂರಕ್ಕೂ ಹೆಚ್ಚು ಜನ, ಅಂಗಳದೊಳಕ್ಕೆ ಇಳಿದಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ರಾಜರ್ಸ್ ಚೆಂಡನ್ನು ಮ್ಯಾರಿಯೆಟ್ ಫೋರ್ಡ್‌ಗೆ ಕೊಟ್ಟ. ಫೋರ್ಡ್ ಓಡಿ ಓಡಿ, ಎದುರಾಳಿಗಳ ಮೇಲೆ ಬೀಳುತ್ತ, ಹಿಂತಿರುಗಿ ನೋಡದೆ ಹೆಗಲ ಮೇಲಿಂದ ಚೆಂಡನ್ನು ಹಿಂದಕ್ಕೆ ತೂರಿದ. ಅದನ್ನು ಹಿಡಿದವನು ಓಟವನ್ನು ಆರಂಭಿಸಿದ್ದ ಮೋಯೆನ್ನೇ. ಅವನು ವಾದ್ಯಗಾರರ ನಡುವೆ ದಾರಿ ಮಾಡಿಕೊಂಡು ಕೊನೆಯ ಗೆರೆ ದಾಟಿ, ಅಲ್ಲಿ ನಿಂತಿದ್ದ ಗ್ಯಾರಿ ಟೈರೆಲ್ ಎಂಬ ಟ್ರೋಂಬೋನ್ ವಾದಕನಿಗೆ ಡಿಕ್ಕಿ ಹೊಡೆದ. ಐದು ಸಲ ಕೈ ಬದಲಿಸಿದ ಚೆಂಡು ಗುರಿ ಮುಟ್ಟಿತ್ತು. ರೇಡಿಯೋದಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದ ಜೋ ಸ್ಟಾರ್ಕಿ ಅವರ ಉನ್ಮತ್ತ ದನಿ ಆ ಕ್ಷಣದೊಂದಿಗೇ ಅಮರವಾಯಿತು.

ಆದರೆ ಅಂಕ ಸಿಕ್ಕಿತೇ? ಅಂಗಳದ ತುಂಬ ದಂಡದ ಕರವಸ್ತ್ರಗಳು ಬಿದ್ದಿದ್ದವು. ಮುಖ್ಯ ರೆಫರಿ ಚಾರ್ಲ್ಸ್ ಮೊಫೆಟ್ ತಮ್ಮ ಸಹಾಯಕರನ್ನು ಗುಂಪುಗೂಡಿಸಿ ವಿಚಾರಿಸಿದರು. ಯಾರಾದರೂ ಸೀಟಿ ಊದಿದಿರಾ? ಇಲ್ಲ. ಎಸೆತಗಳಲ್ಲಿ ಯಾವುದಾದರೂ ಮುಂದಕ್ಕೆ ಹೋಯಿತೆಂದು ಯಾರಾದರೂ ತೀರ್ಮಾನಿಸಿದಿರಾ? ಇಲ್ಲ. ಹೊರಗಿನ ಜನ ಅಂಗಳಕ್ಕೆ ನುಗ್ಗಿದ ತಪ್ಪು ಸ್ಟ್ಯಾನ್‌ಫರ್ಡಿನದೇ. ಹಾಗಾದರೆ ಅಂಕ ನಿಲ್ಲಬೇಕು. ಅವರು ಎರಡೂ ಕೈಗಳನ್ನು ಮೇಲೆತ್ತಿದರು. ಬರ್ಕ್ಲಿ ೨೫, ಸ್ಟ್ಯಾನ್‌ಫರ್ಡ್ ೨೦.

ವಾದಿ-ಪ್ರತಿವಾದಿಗಳು

ಸ್ಟ್ಯಾನ್‌ಫರ್ಡಿನವರ ಆಕ್ಷೇಪಣೆ ಎರಡು. ಗಾರ್ನರ್ ಚೆಂಡು ಬಿಡುವ ಮುನ್ನವೇ ಅವನ ಮೊಣಕಾಲು ನೆಲಕ್ಕೆ ತಾಗಿತ್ತು ಎಂಬುದು ಮೊದಲನೆಯದು. ಫೋರ್ಡ್‌ನ ಕೊನೆಯ ಎಸೆತ ಹಿಂದಕ್ಕಲ್ಲ, ಮುಂದಕ್ಕೆ ಹೋಯಿತು ಎಂಬುದು ಎರಡನೆಯದು. ಗಾರ್ನರ್‌ನನ್ನು ಕೆಡವಿದ ಆಟಗಾರರು ಮೊದಲನೆಯ ಮಾತನ್ನು ಪ್ರಮಾಣ ಮಾಡಿ ಹೇಳುತ್ತ ಬಂದರು. ಗಾರ್ನರ್ ಅಷ್ಟೇ ದೃಢವಾಗಿ ಅಲ್ಲಗಳೆಯುತ್ತ ಬಂದ. ಉಳಿದಿರುವ ಚಿತ್ರಗಳಲ್ಲಿ ಮೊಣಕಾಲಿರುವ ಜಾಗವನ್ನು ದೇಹಗಳ ರಾಶಿ ಮುಚ್ಚಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಇಲ್ಲಿ ಪ್ರಮಾಣಿಸಲು ಹೊರಟವರಿಗೆ ಪ್ರತ್ಯಕ್ಷವೇ ಸರಿಯಾಗಿ ದೊರೆಯುವುದಿಲ್ಲ. ಕೊನೆಯ ಎಸೆತವನ್ನು ಕುರಿತಂತೆಯೂ ಹೀಗೆಯೇ: ಓಡುತ್ತಿರುವವನು ಹಿಂದಕ್ಕೆ ಎಸೆದ ಚೆಂಡು, ಅವನ ಓಟದ ವೇಗದಿಂದ, ನೆಲದ ಗೆರೆಗಳಿಗೆ ಹೋಲಿಸಿದಾಗ ಮುಂದಕ್ಕೆ ಸರಿದಂತೆ ಕಾಣಬಹುದು; ಓರೆಯಾಗಿ ಹಿಡಿದ ಕ್ಯಾಮೆರಾ ಅದನ್ನು ಇನ್ನಷ್ಟು ಗೋಜಲು ಮಾಡುತ್ತದೆ.

ಸೋತವರು ತಮ್ಮ ಸಿಟ್ಟನ್ನು ತಮಾಷೆಯಾಗಿಯೂ ತೀರಿಸಿಕೊಂಡರು. ಪಂದ್ಯವಾದ ನಾಲ್ಕನೆಯ ದಿನ, ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಪತ್ರಿಕೆಯವರು ಬರ್ಕ್ಲಿಯ ವಿದ್ಯಾರ್ಥಿ ಪತ್ರಿಕೆಯ ಹೆಸರಿನಲ್ಲಿಯೇ ಒಂದು ನಕಲಿ ಸಂಚಿಕೆಯನ್ನು ಅಚ್ಚು ಹಾಕಿಸಿ ಬರ್ಕ್ಲಿಯ ಆವರಣದಲ್ಲಿ ಹಂಚಿದರು. ಕ್ರೀಡಾ ಮಂಡಳಿ ತೀರ್ಪನ್ನು ತಿರುಗಿಸಿ ಸ್ಟ್ಯಾನ್‌ಫರ್ಡಿಗೆ ಜಯ ನೀಡಿದೆ ಎಂಬ ಸುದ್ದಿ ಅದರಲ್ಲಿತ್ತು. ನಂಬಿ ಕಂಗೆಟ್ಟವರೂ ಇದ್ದರು. ಈಗ ಫಲಕದ ಮಾತಿಗೆ ಬರೋಣ. ಕೊಡಲಿ ಸ್ಟ್ಯಾನ್‌ಫರ್ಡಿನ ವಶಕ್ಕೆ ಬಂದಾಗಲೆಲ್ಲ ಅವರು ೧೯೮೨ರ ಫಲಿತಾಂಶವನ್ನು ೨೦-೧೯ ಎಂದು ತಿದ್ದುವುದು, ಬರ್ಕ್ಲಿಯವರು ಗೆದ್ದಾಗ ಅದನ್ನು ಮತ್ತೆ ೨೫-೨೦ ಎಂದು ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ಶಾಸನವನ್ನು ಕಲ್ಲಿನಲ್ಲಿ ಕೊರೆಸಿದ ನಾಡಿನಿಂದ ಬಂದ ನಮಗೆ, ಒಡೆಯ ಬದಲಾದಂತೆ ಅಕ್ಷರ ಬದಲಾಗುವ ಈ ಶಾಸನ ಅಚ್ಚರಿ ಹುಟ್ಟಿಸದಿರದು.

ನೆಲ ಡೊಂಕೇ?

ಅಭಿಮಾನಿಗಳ ವಾದ ಮೊಣಕಾಲಿನ ಸುತ್ತಲೇ ಗಿರಕಿ ಹೊಡೆಯುವಾಗ ಮರೆಯಾಗುವ ಸಂಗತಿಗಳು ಕೆಲವಿವೆ. ಎಂಟು ಸೆಕೆಂಡಿನ ಬದಲು ನಾಲ್ಕು ಸೆಕೆಂಡು ಉಳಿದಾಗ ಟೈಮ್‌ಔಟ್ ಕೇಳಿದ್ದರೆ, ಫೀಲ್ಡ್ ಗೋಲ್‌ನೊಂದಿಗೇ ಪಂದ್ಯ ಮುಗಿಯುತ್ತಿತ್ತು. ಕುಣಿದಾಡಿ ೧೫ ಗಜ ಕಳೆದುಕೊಳ್ಳದಿದ್ದರೆ ಒದೆತ ಇನ್ನೂ ದೂರಕ್ಕೆ ಬೀಳುತ್ತಿತ್ತು. ವಾದ್ಯವೃಂದ ತನ್ನ ಜಾಗದಲ್ಲಿ ನಿಂತಿದ್ದರೆ, ರೆಫರಿಯ ಮುಂದಿದ್ದ ಪ್ರಶ್ನೆ ಅರ್ಧಕ್ಕರ್ಧ ಸರಳವಾಗುತ್ತಿತ್ತು. ಇವೆಲ್ಲ ರೆಫರಿಯ ಕೈಯಲ್ಲಿ ಇದ್ದದ್ದಲ್ಲ. ತಂಡದ ಮತ್ತು ತಂಡದ ಬೆಂಬಲಿಗರ ಕೈಯಲ್ಲಿದ್ದದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ನಿಜವಾಗಿಯೂ ಡೊಂಕಾಗಿರಬಹುದು. ಆದರೂ ಹೆಜ್ಜೆ ತಪ್ಪಿದ್ದು ಎಲ್ಲಿ ಎಂಬುದನ್ನು ಮೊದಲು ನೋಡಬೇಡವೇ?

ಎಂಟು ವರ್ಷಗಳ ಬಳಿಕ ಇದೇ ಪಾಠ ಬರ್ಕ್ಲಿಯವರ ಪಾಲಿಗೆ ಬಂತು. ೧೯೯೦ರ ಬಿಗ್ ಗೇಮ್‌ನಲ್ಲಿ, ಅದೇ ಅಂಗಳದಲ್ಲಿ, ಕೆಲವೇ ಸೆಕೆಂಡು ಉಳಿದಿರುವಾಗ ಬರ್ಕ್ಲಿ ೨೫-೨೪ರಿಂದ ಮುಂದಿತ್ತು. ಅವರ ಅಭಿಮಾನಿಗಳು ಅಂಗಳಕ್ಕೆ ನುಗ್ಗಿದರು. ೧೫ ಗಜದ ದಂಡ ಬಿತ್ತು. ಸ್ಟ್ಯಾನ್‌ಫರ್ಡ್ ಗಿಡ್ಡದಾಗಿ ಒದ್ದ ಚೆಂಡನ್ನು ತಾನೇ ಹಿಡಿಯಿತು. ಮುಂದಿನ ಎಸೆತದಲ್ಲಿ ಎಸೆತಗಾರನನ್ನು ಒರಟಾಗಿ ಕೆಡವಿದರೆಂದು ಇನ್ನೂ ೧೫ ಗಜದ ದಂಡವಾಯಿತು. ಬರ್ಕ್ಲಿಯವರು ಇಂದಿಗೂ ಒಪ್ಪದ ತೀರ್ಪು ಅದು. ಜಾನ್ ಹಾಪ್ಕಿನ್ಸ್ ೩೯ ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಸ್ಟ್ಯಾನ್‌ಫರ್ಡ್ ೨೭, ಬರ್ಕ್ಲಿ ೨೫. ವಾದಿಯಾಗಿದ್ದವರು ಪ್ರತಿವಾದಿಯಾದರು; ವಾದಗಳು ಮಾತ್ರ ಅವೇ!

ಸಂದೇಹ ಬೇರೆ, ಸಾಬೀತಾದ ತಪ್ಪು ಬೇರೆ

ವಿವಾದಿತ ತೀರ್ಪುಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಅಮೆರಿಕದ ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲಿಯೇ ಎರಡು ನಿದರ್ಶನಗಳಿವೆ. ೧೯೪೦ರ ನವೆಂಬರಿನಲ್ಲಿ ಕಾರ್ನೆಲ್ ತಂಡ ಡಾರ್ಟ್‌ಮತ್ ವಿರುದ್ಧ ಕೊನೆಯ ಸೆಕೆಂಡುಗಳಲ್ಲಿ ಟಚ್‌ಡೌನ್ ಗಳಿಸಿ ೭-೩ರಿಂದ ಗೆದ್ದಿತು. ಆದರೆ ರೆಫರಿ ರೆಡ್ ಫ್ರೀಸೆಲ್ ಲೆಕ್ಕ ತಪ್ಪಿ, ನಾಲ್ಕು ಅವಕಾಶ ಕೊಡಬೇಕಾದಲ್ಲಿ ಐದು ಕೊಟ್ಟಿದ್ದರು. ಚಿತ್ರಸುರುಳಿಯನ್ನು ನೋಡಿದಾಗ ಅದು ಸ್ಪಷ್ಟವಾಯಿತು. ರೆಫರಿ ತಪ್ಪನ್ನು ಒಪ್ಪಿಕೊಂಡರು. ಕಾರ್ನೆಲ್ ತಾನಾಗಿಯೇ ತಂತಿ ಕಳುಹಿಸಿ ಜಯವನ್ನು ಬಿಟ್ಟುಕೊಟ್ಟಿತು. ದಾಖಲೆಯಲ್ಲಿ ಇಂದು ಡಾರ್ಟ್‌ಮತ್ ೩, ಕಾರ್ನೆಲ್ ೦. ಅರ್ಧ ಶತಮಾನದ ಬಳಿಕ, ೧೯೯೦ರ ಅಕ್ಟೋಬರಿನಲ್ಲಿ, ಮಿಸ್ಸೂರಿಯ ವಿರುದ್ಧ ಕೊಲರಾಡೋ ತಂಡಕ್ಕೂ ಅದೇ ರೀತಿ ಐದನೆಯ ಅವಕಾಶ ದೊರೆಯಿತು. ಅವರು ೩೩-೩೧ರಿಂದ ಗೆದ್ದರು, ಬಿಟ್ಟುಕೊಡಲಿಲ್ಲ. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪಾಲನ್ನೂ ಪಡೆದರು. ಈ ಎರಡು ಪ್ರಕರಣಗಳಲ್ಲಿ ತಪ್ಪು ಬೆರಳೆಣಿಕೆಯಿಂದಲೇ ಸಾಬೀತಾಗುವಂಥದು. ೧೯೮೨ರದು ಹಾಗಲ್ಲ, ಅಲ್ಲಿರುವುದು ಸಂದೇಹ. ಸಾಬೀತಾದ ತಪ್ಪಿನಿಂದ ಬಂದ ಲಾಭವನ್ನು ಹಿಂತಿರುಗಿಸುವುದು ಧರ್ಮವಾದರೆ, ಸಂದೇಹವಿದ್ದಲ್ಲಿ ತೀರ್ಪುಗಾರನ ಮಾತಿಗೆ ತಲೆಬಾಗುವುದೂ ಧರ್ಮವೇ.

ಈ ಮಾತು ಬಂದಾಗ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರನ್ನು ನೆನೆಯದಿರುವುದು ಹೇಗೆ? ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೇಡೆ ಕ್ರೀಡಾಂಗಣದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ. ವಿಶ್ವನಾಥ್ ಭಾರತದ ನಾಯಕ. ಭಾರತದ ೨೪೨ ಓಟಗಳಿಗೆ ಉತ್ತರವಾಗಿ ಇಂಗ್ಲೆಂಡ್ ೫೮ಕ್ಕೆ ೫ ಹುದ್ದರಿಗಳನ್ನು ಕಳೆದುಕೊಂಡಿತ್ತು. ಬಾಬ್ ಟೇಲರ್ ಹಿಂಬದಿಯಲ್ಲಿ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥ್, ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಜೊತೆಯಾಟದಲ್ಲಿ ೧೭೧ ಓಟ ಸೇರಿದವು. ಇಂಗ್ಲೆಂಡ್ ೧೦ ಹುದ್ದರಿಗಳಿಂದ ಗೆದ್ದಿತು. ಸೋಲಿನ ಬೆಲೆ ತೆತ್ತರೂ ಆ ನಡೆಗಾಗಿ ವಿಶ್ವನಾಥರ ಹೆಸರು ಇಂದಿಗೂ ಬೆಳಗುತ್ತಿದೆ. ಗಮನಿಸಬೇಕಾದ ಅಂಶವೆಂದರೆ, ಅವರು ತೀರ್ಪಿನಿಂದ ತಮಗೆ ಆದ ನಷ್ಟದ ವಿರುದ್ಧ ದನಿಯೆತ್ತಲಿಲ್ಲ. ತಮಗೆ ಆದ ಲಾಭದ ವಿರುದ್ಧ ದನಿಯೆತ್ತಿದರು. ಅಭಿಮಾನಿಗಳ ವಾದದಲ್ಲಿ ಇಂಥ ಮಾತು ಕೇಳಿಬರುವುದು ತೀರ ಅಪರೂಪ.

ಕನ್ನಡ ಕಾವ್ಯಾಭ್ಯಾಸಿಗಳಿಗೆ ಇನ್ನೂ ಹಳೆಯದೊಂದು ವಿವಾದಿತ ಪಂದ್ಯ ನೆನಪಾಗಬಹುದು. ಹತ್ತನೆಯ ಶತಮಾನದ ರನ್ನ ಕವಿ ಒಂದಿಡೀ ಕಾವ್ಯದ ವಸ್ತುವಾಗಿಸಿದ ಭೀಮ-ದುರ್ಯೋಧನರ ಗದಾಯುದ್ಧವೇ ಅದು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ಹೊಡೆದದ್ದು ತೊಡೆಗೆ. ವ್ಯಾಸಭಾರತದ ಶಲ್ಯಪರ್ವದಲ್ಲಿ ಇಬ್ಬರಿಗೂ ಗುರುವಾದ ಬಲರಾಮ ಕೆರಳಿ ನೇಗಿಲೆತ್ತುತ್ತಾನೆ. ಕೃಷ್ಣ ಅವನನ್ನು ತಡೆದು, ಸಭೆಯಲ್ಲಿ ಭೀಮ ಮಾಡಿದ ಪ್ರತಿಜ್ಞೆಯನ್ನು ನೆನಪಿಸುತ್ತಾನೆ. ಬಲರಾಮ ಒಪ್ಪುವುದಿಲ್ಲ, ಭೀಮ ಕಪಟಯೋಧನೆಂದೇ ಲೋಕದಲ್ಲಿ ಹೆಸರಾಗುವನೆಂದು ನುಡಿದು ದ್ವಾರಕೆಗೆ ಹೊರಟುಹೋಗುತ್ತಾನೆ. ರಾಜ್ಯ ಪಾಂಡವರಿಗೆ ಸಂದಿತು. ವಾದ ಮಾತ್ರ ಉಳಿಯಿತು. ಕರಾವಳಿಯ ತಾಳಮದ್ದಳೆಗಳಲ್ಲಿ ಅರ್ಥಧಾರಿಗಳು ಇಂಥ ಪ್ರಸಂಗಗಳನ್ನು ಎತ್ತಿಕೊಂಡು ಇಡೀ ರಾತ್ರಿ ವಾದಿಸುವುದನ್ನು ಬಲ್ಲವರಿಗೆ, ಬಿಗ್ ಗೇಮ್ ಅಭಿಮಾನಿಗಳ ಹಠ ಪರಕೀಯವೆನಿಸದು. ಅಲ್ಲಿ ಇಂದು ವಾಲಿಯ ಪರ ಮಾತಾಡಿದವರು ನಾಳೆ ರಾಮನ ಪರ ಮಾತಾಡಬಲ್ಲರು. ಎದುರಾಳಿಯ ಮಾತನ್ನು ಅವನಷ್ಟೇ ಸಮರ್ಥವಾಗಿ ಆಡಬಲ್ಲ ಆ ಶಿಸ್ತು ಕ್ರೀಡಾಭಿಮಾನಿಗಳಿಗೂ ಬಂದರೆ ಎಷ್ಟು ಚೆನ್ನ!

ಯಂತ್ರದ ಕಣ್ಣು

ಇಂದಿನ ಯುವಕರು ಕೇಳುತ್ತಾರೆ: ಈಗ ಮರುವೀಕ್ಷಣೆಯ ವ್ಯವಸ್ಥೆ ಇದೆಯಲ್ಲ, ಇನ್ನು ಇಂಥ ವಿವಾದಗಳಿಗೆ ಎಡೆಯೆಲ್ಲಿ? ಕಾಲೇಜು ಫುಟ್‌ಬಾಲಿನಲ್ಲಿ ೨೦೦೪ರಲ್ಲಿ ಒಂದು ಒಕ್ಕೂಟದಲ್ಲಿ ಪ್ರಯೋಗವಾಗಿ ಆರಂಭವಾದ ಮರುವೀಕ್ಷಣೆ ಮುಂದಿನ ಒಂದೆರಡು ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು. ಆದರೆ ೨೦೦೬ರ ಸೆಪ್ಟೆಂಬರಿನಲ್ಲಿಯೇ ಆರೆಗನ್ ಮತ್ತು ಓಕ್ಲಹೋಮ ತಂಡಗಳ ಪಂದ್ಯದಲ್ಲಿ, ಗಿಡ್ಡ ಒದೆತವೊಂದರ ಚೆಂಡು ಯಾರಿಗೆ ಸೇರಬೇಕೆಂಬ ತೀರ್ಪು ಮರುವೀಕ್ಷಣೆಯ ಬಳಿಕವೂ ತಪ್ಪಾಯಿತು. ಆರೆಗನ್ ೩೪-೩೩ರಿಂದ ಗೆದ್ದಿತು. ಒಕ್ಕೂಟ ತಪ್ಪನ್ನು ಒಪ್ಪಿ ಅಧಿಕಾರಿಗಳನ್ನು ಒಂದು ಪಂದ್ಯದ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಮರುವೀಕ್ಷಣೆಯ ಅಧಿಕಾರಿಗೆ ಬೆದರಿಕೆ ಕರೆಗಳೂ ಬಂದವು.

೨೦೧೫ರ ಅಕ್ಟೋಬರ್ ೩೧ರಂದು ನಡೆದದ್ದಂತೂ ೧೯೮೨ರ ಪುನರ್ಜನ್ಮವೇ ಸರಿ. ಡ್ಯೂಕ್ ತಂಡ ಮಯಾಮಿಯ ವಿರುದ್ಧ ೨೭-೨೪ರಿಂದ ಮುಂದಿದ್ದಾಗ, ಕೊನೆಯ ಒದೆತವನ್ನು ಹಿಡಿದ ಮಯಾಮಿಯವರು ಎಂಟು ಸಲ ಚೆಂಡನ್ನು ಕೈ ಬದಲಿಸಿ ಟಚ್‌ಡೌನ್ ಗಳಿಸಿದರು. ಅಧಿಕಾರಿಗಳು ಸುಮಾರು ಒಂಬತ್ತು ನಿಮಿಷ ಚಿತ್ರವನ್ನು ಪರಿಶೀಲಿಸಿ ಅಂಕವನ್ನು ಎತ್ತಿಹಿಡಿದರು. ಮರುದಿನ ಅಟ್ಲಾಂಟಿಕ್ ಕರಾವಳಿ ಒಕ್ಕೂಟ, ಓಟದ ನಡುವೆ ಆಟಗಾರನೊಬ್ಬನ ಮೊಣಕಾಲು ನೆಲಕ್ಕೆ ತಾಗಿತ್ತೆಂದು ಒಪ್ಪಿಕೊಂಡು ಅಧಿಕಾರಿಗಳನ್ನು ಎರಡು ಪಂದ್ಯಗಳಿಗೆ ಅಮಾನತು ಮಾಡಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ: ಮಯಾಮಿ ೩೦, ಡ್ಯೂಕ್ ೨೭. ವಿಚಿತ್ರವೆಂದರೆ, ಪಶ್ಚಿಮ ಕರಾವಳಿಯ ಹಳೆಯ ಒಕ್ಕೂಟ ಒಡೆದುಹೋದ ಮೇಲೆ, ೨೦೨೪ರಲ್ಲಿ ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಎರಡೂ ಸೇರಿಕೊಂಡದ್ದು ಅದೇ ಅಟ್ಲಾಂಟಿಕ್ ಒಕ್ಕೂಟವನ್ನು! ಯಂತ್ರದ ಕಣ್ಣು ಎಷ್ಟೇ ಹೆಚ್ಚಿದರೂ ಕಂಡದ್ದನ್ನು ತೂಗಿ ಹೇಳುವ ಹೊಣೆ ಮನುಷ್ಯನದೇ ಎಂಬುದು ಈ ಎರಡು ಪ್ರಕರಣಗಳಿಂದ ಸ್ಪಷ್ಟವಾಗುತ್ತದೆ.

ನಮಗೇನು ಸಂಬಂಧ?

ನಮ್ಮ ಪೀಳಿಗೆಯ ಬಹುಮಂದಿ ಈ ಆಟವನ್ನು ಬಹುಕಾಲ ದೂರದಿಂದ ನೋಡಿದವರು. ಕಾಲಿಗಿಂತ ಕೈಯನ್ನೇ ಹೆಚ್ಚು ಬಳಸುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ ಎಂದು ನಕ್ಕು, ಕಚೇರಿಯ ಗೆಳೆಯರು ೧೯೮೨ರ ಮಾತೆತ್ತಿದಾಗ ಸೌಜನ್ಯಕ್ಕೆ ತಲೆದೂಗಿ ಸುಮ್ಮನಾಗುತ್ತಿದ್ದೆವು. ಊರಿನ ಜಗಳದಲ್ಲಿ ಅತಿಥಿ ಬಾಯಿ ಹಾಕುವುದಿಲ್ಲ. ಅದು ಅತಿಥಿಯ ಮರ್ಯಾದೆ. ಆದರೆ ನಮ್ಮ ಮಕ್ಕಳಿಗೆ ಆ ಸಂಕೋಚವಿಲ್ಲ. ತಾವು ಹುಟ್ಟುವ ಎಷ್ಟೋ ವರ್ಷಗಳ ಹಿಂದೆ ನಡೆದ ಓಟವೊಂದರಲ್ಲಿ ಗಾರ್ನರ್‌ನ ಮೊಣಕಾಲು ನೆಲ ಮುಟ್ಟಿತೋ ಇಲ್ಲವೋ ಎಂದು ಅವರು ಮನೆಯವರಂತೆ ಜಗಳವಾಡುತ್ತಾರೆ. ಒಂದು ಊರಿನ ಹಬ್ಬದಲ್ಲಿ ಪಾಲುಗೊಳ್ಳುವುದು ಸುಲಭ; ಅದರ ಹಳೆಯ ಜಗಳದಲ್ಲಿ ಪಾಲು ಪಡೆದವನು ಆ ಊರಿನವನೇ ಆಗಿಬಿಟ್ಟಿರುತ್ತಾನೆ. ಈ ದೃಷ್ಟಿಯಿಂದ ಮಕ್ಕಳ ವಾದ ನನಗೆ ಸಂತೋಷವನ್ನೇ ತಂದಿದೆ.

ಆದರೆ ಜಗಳದೊಡನೆ ಅದರ ನೀತಿಯನ್ನೂ ಅವರಿಗೆ ದಾಟಿಸಬೇಕಾದ ಹೊಣೆ ನಮ್ಮದು. ಸ್ಯಾನ್ ರಮೋನ್‌ನ ಉದ್ಯಾನಗಳಲ್ಲಿ ವಾರಾಂತ್ಯದ ಬೆಳಗ್ಗೆ ಪುಟ್ಟ ಮಕ್ಕಳ ಸಾಕರ್ ಪಂದ್ಯಗಳು ನಡೆಯುತ್ತವೆ. ಸೀಟ ಹಿಡಿದು ನಿಲ್ಲುವವರು ಅನೇಕ ವೇಳೆ ಹದಿನಾಲ್ಕು, ಹದಿನೈದು ವರ್ಷದ ಹುಡುಗ ಹುಡುಗಿಯರು. ಕೈಖರ್ಚಿಗೆಂದು ನಾಲ್ಕು ಕಾಸು ಸಂಪಾದಿಸಲು ಬಂದ ನಮ್ಮ ನೆರೆಹೊರೆಯ ಮಕ್ಕಳೇ. ಗೆರೆಯಾಚೆ ನಿಂತ ತಂದೆತಾಯಿಗಳು, ನಮ್ಮವರೂ ಸೇರಿದಂತೆ, ಅವರ ಮೇಲೆ ಕೂಗಾಡುವುದನ್ನು ನಾನು ಕಂಡಿದ್ದೇನೆ. ಕಣ್ಣೀರು ನುಂಗಿಕೊಂಡು ಸೀಟಿಯನ್ನು ಹಿಂತಿರುಗಿಸಿ ಹೋದ ಹುಡುಗಿಯನ್ನೂ ಕಂಡಿದ್ದೇನೆ. ಎಪ್ಪತ್ತೈದು ಸಾವಿರ ಜನರ ಗದ್ದಲದ ನಡುವೆ ಮೊಫೆಟ್ ಮಾಡಿದ ಕೆಲಸವನ್ನು, ಎಪ್ಪತ್ತೈದು ಜನರ ಮುಂದೆ ಆ ಹುಡುಗಿ ಮಾಡುತ್ತಿದ್ದಳು: ತನಗೆ ಕಂಡಷ್ಟನ್ನು ಕಂಡಂತೆ ಹೇಳುವುದು. ಅಭಿಮಾನಿಗಳ ವಾದ ನಲವತ್ತು ವರ್ಷ ನಡೆದರೂ ಚಿಂತೆಯಿಲ್ಲ. ಆದರೆ ತೀರ್ಪು ಹೇಳುವವರೇ ಅಂಗಳ ಬಿಟ್ಟು ಹೋದರೆ ವಾದಿಸಲು ಆಟವೇ ಉಳಿಯುವುದಿಲ್ಲ.

ಆದ್ದರಿಂದ ಸಮ್ಮೇಳನದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ೧೯೮೨ರ ಮಾತೆತ್ತಿದಾಗ, ನಮಗೇಕೆ ಎಂದು ಎದ್ದುಹೋಗದೆ ಅವರೊಡನೆ ಕುಳಿತು ಆ ಚಿತ್ರವನ್ನು ನೋಡಿ. ಒಂದು ಪಕ್ಷ ಹಿಡಿಯಿರಿ. ಆಮೇಲೆ ಪಕ್ಷ ಬದಲಿಸಿ ವಾದಿಸಿ ನೋಡಿ. ಟೈಮ್‌ಔಟಿನ ಎಂಟು ಸೆಕೆಂಡುಗಳನ್ನೂ ದಂಡದ ಹದಿನೈದು ಗಜವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾರ್ನೆಲ್ ಕಳುಹಿಸಿದ ತಂತಿಯ ಕಥೆಯನ್ನೂ, ವಾಂಖೇಡೆಯಲ್ಲಿ ಭದ್ರಾವತಿಯ ಮನುಷ್ಯನೊಬ್ಬ ಎದುರಾಳಿಯನ್ನು ಮರಳಿ ಕರೆದ ಕಥೆಯನ್ನೂ ಅವರಿಗೆ ಹೇಳಿ. ಗಾರ್ನರ್‌ನ ಮೊಣಕಾಲು ನೆಲ ಮುಟ್ಟಿತೇ ಎಂದು ನನ್ನನ್ನು ಕೇಳಿದರೆ, ಸೀಟಿ ಊದಿದವರು ಯಾರೂ ಇರಲಿಲ್ಲ, ಆದುದರಿಂದ ಅಂಕ ನ್ಯಾಯವಾಗಿಯೇ ನಿಂತಿತು ಎಂಬುದು ನನ್ನ ಉತ್ತರ. ನಮ್ಮ ಬಂಧುಗಳ ಮನೆಯ ಕೆಂಪು ಅಂಗಿಯ ಹುಡುಗ ಇದನ್ನು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ, ಮುಂದಿನ ನವೆಂಬರಿನಲ್ಲಿ ಮತ್ತೆ ಬಿಗ್ ಗೇಮ್ ಇದ್ದೇ ಇದೆ.